ಮೂಲೆಯಲ್ಲೊಂದು ಕಚ್ಚು

ಇವತ್ತೂ ಕಚ್ಚಿದ್ದಾರೆ!

ಹಲ್ಲುಗಾರ ಊಟದ ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲೆ ಟಪ್ಪೆಂದು ಬಡಿದ. ಸ್ಯಾಂಡ್‌ವಿಚ್ಚಿಗೆ ಸುತ್ತಿದ್ದ ಕಾಗದ ನೀಟಾಗಿಯೇ ಇತ್ತು. ಬಿಚ್ಚಿ ನೋಡಿದರೆ, ಚೀಸ್ ದಪ್ಪಗೆ ಕೂತಿದ್ದ ಮೂಲೆಯೇ ಮಾಯ. ಸತತ ನಾಲ್ಕನೆಯ ದಿನ. ಪೂರ್ತಿ ತಿಂದಿದ್ದರೆ ಯಾರೋ ಪಾಪ ಹಸಿದವರು ಎಂದು ಸುಮ್ಮನಾಗುತ್ತಿದ್ದ. ಒಂದೇ ತುತ್ತು, ಅದೂ ಆರಿಸಿ ಆರಿಸಿ ಒಳ್ಳೆಯ ಮೂಲೆ! ಇದು ಹಸಿವಲ್ಲ, ಕೊಬ್ಬು.

ಮೊದಲೇ ಅವನ ಗ್ರಹಚಾರ ನೆಟ್ಟಗಿರಲಿಲ್ಲ. ಕಟ್ಟುಹಲ್ಲು ತಯಾರಿಸುವ ಆ ವರ್ಕ್‌ಶಾಪಿನಲ್ಲಿ ಪೂರ್ತಿ ಸೆಟ್ಟುಗಳ ಮೇಜು ಇಪ್ಪತ್ತು ವರ್ಷದಿಂದ ಅವನದೇ. ಹಲ್ಲಿನ ಸಾಲು ತೀರಾ ನೆಟ್ಟಗಿದ್ದರೆ ಸುಳ್ಳೆಂದು ಗೊತ್ತಾಗಿಬಿಡುತ್ತದೆ ಎಂದು, ಗಿರಾಕಿಯ ಹಳೆಯ ಫೋಟೋ ತರಿಸಿಕೊಂಡು, ಹರೆಯದಲ್ಲಿ ಇದ್ದಂತೆಯೇ ಚೂರು ಸೊಟ್ಟ ಉಳಿಸಿ ಕೂರಿಸುತ್ತಿದ್ದ. ಅಷ್ಟು ನಾಜೂಕಿನ ಕೈ. ಹೆಂಡತಿಯ ಅಪ್ಪನಿಗೂ ಹಾಗೇ, ಮದುವೆಯ ಫೋಟೋ ಮುಂದಿಟ್ಟುಕೊಂಡು, ಒಂಬತ್ತು ದಿನ ಕೂತು ಸೆಟ್ ಮಾಡಿಕೊಟ್ಟ.

ಮಾವ ಏನು ಮಾಡಿದರು? ಸೋಮವಾರ ಸೀದಾ ವರ್ಕ್‌ಶಾಪಿಗೆ ಬಂದು, ಎಲ್ಲರೆದುರು ಬಾಯಿಂದ ಸೆಟ್ ತೆಗೆದು ಒಡತಿಯ ಮೇಜಿನ ಮೇಲಿಟ್ಟರು.

"ನೋಡಮ್ಮಾ, ಇದ್ರಲ್ಲಿ ಬ್ರೆಡ್ಡೂ ಕಚ್ಚಕ್ಕಾಗಲ್ಲ. ಅಳಿಯ ಅಂತ ಇಷ್ಟು ದಿನ ಸುಮ್ನಿದ್ದೆ."

ಒಡತಿ ಶೆಲ್ಫಿನಲ್ಲಿದ್ದ ಆ ಸೆಟ್ಟಿನ ಅಚ್ಚಿಗೆ ದೂರಿನ ಚೀಟಿ ಕಟ್ಟಿದರು. ಮಾವ ಸೆಟ್ಟನ್ನು ಜೇಬಿಗೆ ಹಾಕಿಕೊಂಡು ಹೋದ ಮೇಲೆ ಹಲ್ಲುಗಾರನತ್ತ ತಿರುಗಿದರು.

"ಮನೆಯವರ ಬಾಯಿಗೇ ಕೂರಲ್ಲ ಅಂದ್ರೆ ಹೊರಗಿನವರಿಗೆ ಹೇಗ್ರೀ ಕೂರುತ್ತೆ? ಶುಕ್ರವಾರದೊಳಗೆ ಸರಿ ಮಾಡಿ. ಇಲ್ಲಾಂದ್ರೆ ಈ ಮೇಜು ಮೀಸೆಗೆ. ನೀವು ಪ್ಲಾಸ್ಟರ್ ಕಲಸಿಕೊಂಡಿರಿ."

ಮೀಸೆ ಎಂದರೆ ಹಲ್ಲು ಉಜ್ಜಿ ನುಣುಪು ಮಾಡುವವನು. ಆ ಮೇಜಿನ ಮೇಲೆ ಅವನಿಗೆ ಎಂದಿನಿಂದಲೋ ಕಣ್ಣು. ಇವತ್ತು ಶುಕ್ರವಾರ.

ಸರಿ ಮಾಡೋಣವೆಂದರೆ ಮಾವ ಬಾಯಿ ತೆರೆದರೆ ತಾನೇ? ಮನೆಯಲ್ಲಿ ಅವರಿಗೆ ಗಂಜಿಯ ಉಪಚಾರ. "ಅಪ್ಪಂಗೆ ಅಗಿಯೋಕಾಗಲ್ಲ ಪಾಪ, ಎಲ್ಲಾ ನಿಮ್ಮ ಕೃಪೆ" ಎನ್ನುತ್ತಾ ಹೆಂಡತಿ ಬೆಳಗ್ಗೆ ಬಟ್ಟಲು ತುಂಬಿಸಿ ಅವರ ಮುಂದಿಟ್ಟು, ಗಂಡನ ಡಬ್ಬಿ ಕಟ್ಟಿ ಪಕ್ಕದಲ್ಲಿಟ್ಟು ಸ್ನಾನಕ್ಕೆ ಹೋಗುತ್ತಿದ್ದಳು. ಸೆಟ್ಟು ಕಿಟಕಿಯ ಬಳಿ ನೀರಿನ ಲೋಟದಲ್ಲಿ ಕೂತು ಅವನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಲೋಟದ ತಳದಲ್ಲಿ ಎಂಥದೋ ಕಂದು ಪುಡಿ. ತೊಳೆದಿಡುವ ಸೌಜನ್ಯವೂ ಇಲ್ಲವಲ್ಲ ಈ ಮನುಷ್ಯನಿಗೆ ಎಂದು ಬೆಳಗ್ಗೆ ತಾನೇ ಗೊಣಗಿ ಬಂದಿದ್ದ.

ಮೇಜು ಹೋಗುವುದು ಹೋಗಲಿ, ಕಳ್ಳನನ್ನಾದರೂ ಹಿಡಿದೇ ತೀರುತ್ತೇನೆ ಎಂದುಕೊಂಡ. ಚೀಸಿನಲ್ಲಿ ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಪ್ಲಾಸ್ಟರ್ ಕಲಸಿ ಸುರಿದ. ಅರ್ಧ ಗಂಟೆಯಲ್ಲಿ ಕಳ್ಳನ ಐದು ಹಲ್ಲು ಅಂಗೈಯಲ್ಲಿದ್ದವು. ಎಡಗಡೆಯ ಕೋರೆಹಲ್ಲು ಕೂದಲೆಳೆಯಷ್ಟು ತಿರುಗಿತ್ತು. ಸಿಕ್ಕಿಬಿದ್ದೆಯಲ್ಲ ಮಗನೇ!

ಮೇಣದ ಬಿಲ್ಲೆಗಳನ್ನು ಜೇಬಿಗೆ ತುರುಕಿಕೊಂಡು ಊಟದ ಕೋಣೆಗೆ ಹೋದ.

"ಅಲ್ಲಾ, ಒಳ್ಳೇ ಸ್ಯಾಂಡ್‌ವಿಚ್ ಅಂದ್ರೆ ಯಾವುದು, ನಿಮ್ಮ ಪ್ರಕಾರ?"

"ಆಮ್ಲೆಟ್ಟಿಂದು," ಎಂದ ಮೀಸೆ. "ಎರಡು ಮೊಟ್ಟೆ, ಮೇಲೆ ಈರುಳ್ಳಿ. ಕಚ್ಚಿದ್ರೆ ಬೆಣ್ಣೆ ಮೊಣಕೈ ತನಕ ಇಳೀಬೇಕು."

"ಥೂ, ಅದು ಊಟವೋ ಸ್ನಾನವೋ?" ಮೇಣ ಕರಗಿಸುವ ಅಕ್ಕ ಮೂಗು ಮುರಿದಳು. "ಆಲೂಗಡ್ಡೆ, ಕಾಳುಮೆಣಸು, ಗರಿಗರಿ ಸುಟ್ಟ ಬ್ರೆಡ್ಡು. ಕಚ್ಚಿದ್ರೆ ಪಕ್ಕದ ಮನೆಗೆ ಕೇಳಿಸಬೇಕು."

"ಸೌತೆಕಾಯಿ," ಒಳಗಿನಿಂದ ಒಡತಿಯ ದನಿ ಬಂತು. "ಅಂಚು ಕತ್ತರಿಸಿರಬೇಕು."

"ಅದು ಪಥ್ಯ ಮೇಡಂ," ಎಂದಳು ಅಕ್ಕ.

"ಚೀಸು?" ಹಲ್ಲುಗಾರ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೇಳಿದ.

"ಅಯ್ಯೋ, ಚೀಸ್ ಯಾರಿಗೆ ಬೇಡ!" ಮೀಸೆ ಬಾಯಿ ಚಪ್ಪರಿಸಿದ.

"ಬಾಯಿಮಾತು ಬೇಡ. ನೆಚ್ಚಿನ ಸ್ಯಾಂಡ್‌ವಿಚ್ ಹೇಗೆ ಕಚ್ತೀರಿ, ಇದರ ಮೇಲೆ ತೋರಿಸಿ."

ಬೇರೆ ಕಡೆಯಾಗಿದ್ದರೆ ಜನ ನಕ್ಕುಬಿಡುತ್ತಿದ್ದರು. ಅಲ್ಲಿ ಮೇಣ ಕಚ್ಚುವುದು ದಿನದ ಕೆಲಸ. ಇಬ್ಬರೂ ಕಚ್ಚಿದರು, ಒಡತಿಯೂ ಫೋನಿನಲ್ಲಿ ಮಾತಾಡುತ್ತಲೇ ಒಂದು ಕಚ್ಚಿ ಎಸೆದರು. ಹಲ್ಲುಗಾರ ಮೂಲೆಯಲ್ಲಿ ನಿಂತು ತಾಳೆ ನೋಡಿದ. ಮೀಸೆಗೆ ಮುಂದೆ ಕಿಂಡಿ. ಅಕ್ಕನದು ಪುಟ್ಟ ಪುಟ್ಟ ಹಲ್ಲು. ಒಡತಿಯದು ಅಚ್ಚಿನ ಹತ್ತಿರಕ್ಕೂ ಬರಲಿಲ್ಲ. ಆ ವರ್ಕ್‌ಶಾಪಿನಲ್ಲಿ ಇರುವವರೇ ಇವರು! ಅವನಿಗೆ ಅಳುವೇ ಬರುವಂತಾಯಿತು.

"ಏನ್ರೀ ಅದು?" ಒಡತಿ ಹಿಂದೆಯೇ ನಿಂತಿದ್ದರು. ಅವನು ಇದ್ದದ್ದು ಇದ್ದ ಹಾಗೆ ಹೇಳಿ ಅಚ್ಚನ್ನೂ ಸ್ಯಾಂಡ್‌ವಿಚ್ಚನ್ನೂ ಕೊಟ್ಟ.

ಅವರು ಎರಡನ್ನೂ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. "ಗಟ್ಟಿ ಬ್ರೆಡ್ಡನ್ನ ಒಂದೇ ಏಟಿಗೆ ಕತ್ತರಿಸಿದೆ. ಒಂದು ಹಲ್ಲೂ ಸವೆದಿಲ್ಲ. ಇದು ಹುಟ್ಟಿದ ಹಲ್ಲಲ್ಲ ಕಣ್ರೀ, ಮಾಡಿದ್ದು. ಸೊಟ್ಟ ಕೂಡ ಬೇಕಂತಲೇ ಇಟ್ಟಿದಾರೆ. ಆಹಾ, ಏನು ಕೈ! ಯಾರು ಮಾಡಿದ್ದು ಅಂತ ಪತ್ತೆ ಹಚ್ಚಿ. ನಿಮ್ಮ ಮೇಜು ಅವರಿಗೇ ಕೊಡ್ತೀನಿ, ಜೀವ ಇರೋ ತನಕ."

ಹಲ್ಲುಗಾರ ಶೆಲ್ಫಿಗೆ ಓಡಿ, ಒಂದು ಅಚ್ಚನ್ನು ಎಳೆದು, ಕಳ್ಳನ ಐದು ಹಲ್ಲುಗಳನ್ನು ಅದರ ಪಕ್ಕ ಹಿಡಿದ. ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಮೇಡಂ," ಎಂದ, ನಗು ತಡೆಯಲಾಗದೆ. "ಪತ್ತೆ ಆಯ್ತು. ಈ ಚೀಟಿ ಓದಿ, ನಿಮ್ಮದೇ ಅಕ್ಷರ."

‘ದೂರು: ಬ್ರೆಡ್ಡೂ ಕಚ್ಚಲಾಗುತ್ತಿಲ್ಲ.’