ಮೀನಿಲ್ಲದ ಶಿಳ್ಳೆ

“ಮೀನು ಮಾತ್ರ ಎಸೀಬೇಡಿ,” ಎಂದರು ದೋಣಿಯಲ್ಲಿ ಕ್ಯಾಮೆರಾ ಹಿಡಿದು ಕೂತ ಡಾಕ್ಟರ್ ಮುಸ್ಯೋಕ, ಮೂರನೆಯ ಬೆಳಿಗ್ಗೆಯೂ. “ತಿನಿಸಿನ ಆಸೆ ತೋರಿಸಿ ತೆಗೆದ ಫೋಟೋನ ಸ್ಪರ್ಧೆಗೆ ತಗೊಳ್ಳಲ್ಲ. ಕಳಿಸೋಕೆ ಇವತ್ತೇ ಕೊನೇ ದಿನ.”

ದೋಣಿ ನಡೆಸುವ ಲೆಮಕಾರ ಎಂಜಿನ್ ನಿಲ್ಲಿಸಿದ. ಬರಿಂಗೊ ಸರೋವರ ಉಕ್ಕಿ ಮುಳುಗಿಸಿದ ಮರವೊಂದರ ಒಣತುದಿಯಲ್ಲಿ ಮೀನುಹದ್ದು ಕೂತು ಅವನನ್ನೇ ನೋಡುತ್ತಿತ್ತು. ಹನ್ನೊಂದು ವರ್ಷಗಳಿಂದ ಅದು ಇಳಿಯುತ್ತಿದ್ದುದು ಅವನೊಬ್ಬನ ಶಿಳ್ಳೆಗೆ. ಶಿಳ್ಳೆ ಹಾಕಿದ ಮೇಲೆ ಮೀನು ಎಸೆಯುತ್ತಿದ್ದ. ಮೀನು ಮುಳುಗದಿರಲೆಂದು ಅದರ ಬಾಯೊಳಗೆ ಹಗುರ ಮರದ ಬಿಳಿ ತುಂಡೊಂದನ್ನು ತುರುಕಿರುತ್ತಿದ್ದ. ದಡದಲ್ಲಿ ಒಂಬತ್ತು ದೋಣಿಗಳಿದ್ದರೂ ಬಂದವರು ಅವನದನ್ನೇ ಹುಡುಕಿ ಹತ್ತುತ್ತಿದ್ದುದು ಈ ಹದ್ದಿಗಾಗಿ.

“ಯಜಮಾನ್ರೇ, ಶಿಳ್ಳೆನಾದ್ರೂ ಹಾಕಿ. ಮೀನು ಬೇಡ, ಆ ಮರದ ತುಂಡು ಎಸೀರಿ. ಮರ ತಿನಿಸಲ್ಲವಲ್ಲ?”

“ಶಿಳ್ಳೆ ಅಂದ್ರೆ ಅದಕ್ಕೆ ಮೀನು, ಡಾಕ್ಟ್ರೇ. ಸುಳ್ಳು ಹೇಳಿದ ಹಾಗಾಗುತ್ತೆ.”

“ಅದೇನು ನಿಮ್ಮ ಮೇಲೆ ಕೇಸ್ ಹಾಕುತ್ತಾ? ಮೂರು ದಿನದಿಂದ ಕೂತೇ ಇದೆಯಲ್ಲ, ಇದು ಹದ್ದೋ, ನೀವು ಸಾಕಿದ ಕೋಳಿಯೋ?”

ಕೋಳಿ ಎಂದದ್ದು ಲೆಮಕಾರನಿಗೆ ಚುಚ್ಚಿತು. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದ. ಬಿಳಿ ತುಂಡನ್ನು ಬೀಸಿ ಎಸೆದ. ಹದ್ದು ನೇರ ಬಂತು, ತುಂಡನ್ನು ಎತ್ತಿಕೊಂಡು ಹೋಗಿ ಕೊಂಬೆಯ ಮೇಲೆ ಕೊಕ್ಕಿನಿಂದ ಕುಕ್ಕಿ ನೋಡಿ ಬೀಳಿಸಿತು.

“ಛೇ, ರೆಕ್ಕೆ ಮುಖಕ್ಕೆ ಅಡ್ಡ ಬಂತು. ಇನ್ನೊಂದ್ಸಲ!”

ಎರಡನೆಯ ಸಲ ಫೋಕಸ್ ತಪ್ಪಿತು. ಮೂರನೆಯ ಸಲ ಹದ್ದು ತಡಮಾಡಿ ಹೊರಟಿತು. ನಾಲ್ಕನೆಯ ಸಲ ಶಿಳ್ಳೆಯ ನಂತರ ಒಂದು ನಿಮಿಷ ಕಾದು, ಎರಡು ಸುತ್ತು ಹಾಕಿ ಇಳಿಯಿತು. ಉಗುರುಗಳು ನೀರಿಗೆ ಗೇಣುದ್ದ ಮೇಲಿದ್ದಾಗ ಕ್ಯಾಮೆರಾ ಸದ್ದು ಮಾಡಿತು. ಎಲೆಯಷ್ಟಗಲದ ಪುಟ್ಟ ಅಲೆಯೊಂದು ಬಿಳಿ ತುಂಡನ್ನು ಚಿತ್ರದಲ್ಲಿ ಮರೆಮಾಡಿತ್ತು.

“ಸಿಕ್ತು!” ಡಾಕ್ಟರು ಅವನ ಹೆಗಲು ಹಿಡಿದು ಕುಲುಕಿದರು. “ನೋಡಿ, ಅಪ್ಪಟ ಕಾಡಿನ ಹಕ್ಕಿ!” ಚೀಲದಿಂದ ಒಂದು ಹಾಳೆ ತೆಗೆದರು. “ದೋಣಿಯವರ ಸಹಿ ಬೇಕಂತೆ.”

ಲೆಮಕಾರ ಬೆರಳಿಟ್ಟು ನಿಧಾನವಾಗಿ ಓದಿದ: ‘ಈ ಹಕ್ಕಿಗೆ ತಿನ್ನಲು ಏನನ್ನೂ ಕೊಟ್ಟಿಲ್ಲ.’

“ಇದರಲ್ಲಿ ಸುಳ್ಳೇನಿಲ್ಲ,” ಎಂದು ಸಹಿ ಹಾಕಿದ.

ಚಿತ್ರಕ್ಕೆ ಮೊದಲ ಬಹುಮಾನ ಬಂತು. ಡಾಕ್ಟರು ಒಂದು ಪ್ರತಿಗೆ ಕಟ್ಟು ಹಾಕಿಸಿ ಕಳಿಸಿದರು. ಲೆಮಕಾರ ಅದನ್ನು ದೋಣಿಕಟ್ಟೆಯ ಕಂಬಕ್ಕೆ ನೇತುಹಾಕಿದ. ನಕುರು ಪಟ್ಟಣದಿಂದ ಬಂದ ಟೀಚರಮ್ಮ ಅದನ್ನು ನೋಡಿಯೇ ಅವನ ದೋಣಿ ಹತ್ತಿದರು.

ಮರದ ಬಳಿ ಲೆಮಕಾರ ಶಿಳ್ಳೆ ಹಾಕಿದ. ಆ ಚಿತ್ರ ತೆಗೆದಂದಿನಿಂದ ದಿನವೂ ಮಾಡುತ್ತಿದ್ದಂತೆ, ಇದ್ದುದರಲ್ಲೇ ದೊಡ್ಡ ಮೀನನ್ನು ಎಸೆದ.

“ಅಯ್ಯೋ, ಹದ್ದು ಅಲುಗಾಡ್ತಾನೇ ಇಲ್ಲವಲ್ಲ? ಚಿತ್ರದಲ್ಲಿ ಹೇಗೆ ಹಾರಿ ಬರ್ತಿದೆ!”

“ಅವತ್ತು ಅದು ನಂಬಿತ್ತು, ಟೀಚರಮ್ಮ,” ಎಂದ ಲೆಮಕಾರ.

ಮೀನು ಹೊಟ್ಟೆ ಮೇಲಾಗಿ ತೇಲುತ್ತಾ ಬಂದು ದೋಣಿಯ ಪಕ್ಕಕ್ಕೆ ಬಡಿಯಿತು. ಮರದ ತುದಿಯಲ್ಲಿ ಹದ್ದು ಕತ್ತು ತಿರುಗಿಸಿ ಗರಿ ತೀಡಿಕೊಳ್ಳುತ್ತಿತ್ತು.