ಜಗಲಿಗೆ ತಂದ ಕೆಂಪು ವಿನೈಲ್

ತಂಗಿ ತೀರಿಕೊಂಡು ವರ್ಷವಾಗುತ್ತ ಬಂತು. ಹೊಸ ವಿನೈಲ್ ಹಾಸಿನ ವಾಸನೆ ಬಂದರೆ ಈಗಲೂ ಶಿರಸಿಯ ಆ ಅಂಗಡಿಯೇ ಕಣ್ಣೆದುರು ನಿಲ್ಲುತ್ತದೆ.

ಆಗ ನಾವಿಬ್ಬರೂ ಚಿಕ್ಕವರು. ಯಲ್ಲಾಪುರದ ಅತ್ತೆಯ ಮನೆಯಲ್ಲಿ ಕಂಡಾಗಿನಿಂದ ನನಗೆ ಕಾರ್ಪೆಟ್ಟಿನದೇ ಹುಚ್ಚು. ನಮ್ಮ ಜಗಲಿಗೂ ಒಂದು ತರೋಣವೆಂದು ಅಪ್ಪ ನಮ್ಮಿಬ್ಬರನ್ನೂ ಕರೆದೊಯ್ದಿದ್ದ. ನಾನು ಕೆಂಪು ಕಾರ್ಪೆಟ್ಟಿನ ಮೆತ್ತನೆಯ ಎಳೆಗಳಲ್ಲಿ ಬೆರಳು ಹುದುಗಿಸಿ ನಿಂತಿದ್ದೆ. ಅಂಗಡಿಯವರು ಅದನ್ನು ಕೊಡವಿದ್ದೇ ತಡ, ತಂಗಿಗೆ ಕೆಮ್ಮು ಹತ್ತಿತು. ಅವಳಿಗೆ ಉಬ್ಬಸವಿತ್ತು.

"ಇದ್ರಾಗ ಧೂಳು ಕೂಡ್ತದ ಹೆಗಡೇರ, ವಿನೈಲ್ ಒಯ್ರಿ. ಒದ್ದೆ ಬಟ್ಟೀಲೆ ಒರೆಸಿದ್ರ ಆತು," ಅಂದರು ಅಂಗಡಿಯವರು.

ಅಪ್ಪ ಅವಳ ಬೆನ್ನು ನೀವುತ್ತ ಕೇಳಿದ: "ಯಾವ ಬಣ್ಣ ಬೇಕೆ ಕೂಸೆ?"

ನಾನೂ ಕೆಮ್ಮಿದೆ. ಇನ್ನೊಮ್ಮೆ, ಜೋರಾಗಿ ಕೆಮ್ಮಿದೆ.

"ನಿಂದೆಂತದೆ ನಾಟಕ?" ಅಂದ ಅಪ್ಪ.

ತಂಗಿ ಕೆಂಪು ವಿನೈಲನ್ನೇ ತೋರಿಸಿದಳು. "ಅಕ್ಕಂಗೆ ಕೆಂಪು ಅಂದ್ರೆ ಇಷ್ಟ." ನನ್ನ ಇಷ್ಟವನ್ನೂ ಅವಳ ಬಾಯಿಂದಲೇ ಕೇಳಬೇಕೆ ಎಂದು ನನ್ನ ಮೈ ಉರಿಯಿತು.

ಸಂಜೆ ಸಗಣಿ ಬಳಿದ ನೆಲದ ಮೇಲೆ ಅದನ್ನು ಹಾಸಿದರು. "ಇನ್ಮೇಲೆ ಸಗಣಿ ಇದ್ರ ಮೇಲೇ ಬಳಿಯದಾ?" ಎಂದು ಅಜ್ಜಿ ಕೇಳಿದಾಗ ಎಲ್ಲರೂ ನಕ್ಕರು. ತಂಗಿ ನಡುವೆ ಕೂತು ಪಕ್ಕದ ಜಾಗ ತಟ್ಟಿದಳು.

"ಬಾರೆ ಅಕ್ಕಾ, ತಂಪಿದ್ದು."

"ಯಂಗೆ ಬ್ಯಾಡ," ಎಂದು ನಾನು ಅಂಚಿನಾಚೆ ಬರಿ ನೆಲದಲ್ಲಿ ಕೂತೆ. ಅವಳು ಕೂತಲ್ಲಿಂದಲೇ ಸರಿಯುತ್ತ ಸರಿಯುತ್ತ ಅಂಚಿನವರೆಗೂ ಬಂದಳು. ನಾನು ಎದ್ದು ಒಳಗೆ ಹೋದೆ.