ಚೌಡಮ್ಮನ ಮಟನ್ ಸಾರು

ನಮ್ಮ ಲ್ಯಾಬಲ್ಲಿ ವಾರಿಜಾ ಮೇಡಂ ಐದು ವರ್ಷದಿಂದ ಪರಂಗಿ ಗಿಡದ ಜೀವಕೋಶಗಳನ್ನ ಬಾಟಲಿ ನೀರಲ್ಲಿ ಬೆಳೆಸ್ತಿದ್ರು. ಮಾಂಸ ಮೆತ್ತಗೆ ಮಾಡೋ ಕಿಣ್ವ ಅದ್ರಲ್ಲಿ ಸಿಕ್ಕಿದ್ರೆ ಡಾಕ್ಟರೇಟು, ಇಲ್ದಿದ್ರೆ ಮನೆ. ಪ್ರತಿ ಸೋಮವಾರ ನೀರು ಸೋಸಿ ಚೆಲ್ಲಿಸೋರು, ಉಳಿದ ಕೋಶಗಳನ್ನ ಅರೆದು ಅರೆದು ಹುಡುಕೋರು. ಒಂದು ಚೂರೂ ಸಿಗಲಿಲ್ಲ.

"ಸಾಕಮ್ಮ, ಮುಚ್ಚಿಬಿಡು," ಅಂದ್ರು ಗೈಡು.

ಮೇಡಂ ಬೀಳ್ಕೊಡುಗೆ ದಿನ ಅಟೆಂಡರ್ ಚೌಡಮ್ಮ ಮನೆಯಿಂದ ಮಟನ್ ಸಾರು ತಂದಿದ್ಲು. ಬಾಯಲ್ಲಿ ನಾಲ್ಕೇ ಹಲ್ಲಿರೋ ಗೈಡು ಮೂರು ಸಲ ಹಾಕಿಸ್ಕೊಂಡ್ರು.

"ಎಂಥಾ ಎಳೇ ಮರಿ ಚೌಡಮ್ಮ ಇದು!"

"ಎಳೇದೆಲ್ಲಿ ಬಂತು ಸಾರ್, ಮುದಿ ಟಗರು. ಮೇಡಂ ಸೋಮವಾರ ಚೆಲ್ಲು ಅಂತ ಕೊಡ್ತಾರಲ್ಲ ನೀರು, ಐದು ವರ್ಷದಿಂದ ಅದ್ರಲ್ಲೇ ನೆನೆಸ್ತೀನಿ."